ಕವಳೆಯ ಗುರುತು

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ಇಲವಾಲವನ್ನು ದಾಟಿ ಬಿಳಿಕೆರೆಯ ಕಡೆಗೆ ಸಾಗುವವರಿಗೆ ದಾರಿಯ ಎರಡು ಕಡೆಗಳಲ್ಲಿಯೂ ಕಾಣತಕ್ಕ ನೋಟ ಪರಿಚಿತವಾದುದೇ. ಹೊಲಗಳು, ಹೊಲಗಳ ನಡುವೆ ತಲೆಯೆತ್ತಿದ ಬರಿಯ ಬಂಡೆಗಳು, ಬಂಡೆಗಳ ಸುತ್ತ ಮೊಣಕಾಲುದ್ದದ ಹುಲ್ಲು, ಹುಲ್ಲಿನ ನಡುನಡುವೆ ಅಲ್ಲಲ್ಲಿ ಗುಂಡಗೆ ಕುಳಿತಂತಿರುವ ಕಡುಹಸುರಿನ ಪೊದೆಗಳು. ಇವು ಏನೆಂದು ವಿದ್ಯಾವಂತರಾದ ನಮ್ಮ ನಗರವಾಸಿಗಳನ್ನು ಕೇಳಿದರೆ ಬರುವ ಉತ್ತರ ಒಂದೇ: "ಯಾವುದೋ ಮುಳ್ಳುಗಿಡ." ಗುಲಾಬಿಯ ಇಪ್ಪತ್ತು ಜಾತಿಗಳನ್ನು ಹೆಸರು ಹಿಡಿದು ಕರೆಯಬಲ್ಲವರೂ ಇಲ್ಲಿ ಈ ಒಂದು ಮಾತಿನಿಂದಲೇ ತೃಪ್ತರಾಗುತ್ತಾರೆ. ಆದರೆ ಈ ಪೊದೆಗಳಲ್ಲಿ ಹಣ್ಣು ಕೊಡುವುದು ಉಂಟು, ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಕ್ಕೆ ತರಿಸುವುದು ಉಂಟು, ಈ ನೆಲಕ್ಕೆ ಹುಟ್ಟಿನಿಂದ ಸೇರಿದುದು ಉಂಟು, ಹೊರಗಿನಿಂದ ಬಂದು ಮನೆಯೊಡೆಯನನ್ನೇ ಹೊರಗಟ್ಟಿದುದೂ ಉಂಟು. ಇವುಗಳಲ್ಲಿ ಒಂದಾದ ಕವಳೆಯನ್ನು ಮುಖ್ಯವಾಗಿ ಹಿಡಿದು, ಅದನ್ನು ಅದರ ನೆರೆಯವರಿಂದ ಬೇರ್ಪಡಿಸಿ ಗುರುತಿಸುವ ಬಗೆಯನ್ನು ಶ್ರೋತೃಗಳ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಮೊದಲು ನೆಲದ ಮಾತು. ಬಿಳಿಕೆರೆ ಹೋಬಳಿಯಲ್ಲಿ ಬೆಟ್ಟದೂರಿನ ಬಳಿ ಗೊಮ್ಮಟಗಿರಿ ಎಂಬ ಚಿಕ್ಕ ಬಂಡೆಗುಡ್ಡವಿದೆ. ಹಳೆಯ ಹೆಸರು ಶ್ರವಣಗುಡ್ಡ. ಮೇಲೆ ಬಾಹುಬಲಿಯ ವಿಗ್ರಹವಿರುವುದರಿಂದ ಅನೇಕರು ಅದನ್ನು ಕಂಡಿರಬಹುದು. ವಿಗ್ರಹವನ್ನು ನೋಡಿದ ಕಣ್ಣನ್ನು ಒಂದು ಗಳಿಗೆ ಕೆಳಗಿಳಿಸಿ ಬಂಡೆಯ ಬುಡವನ್ನು ನೋಡಿದರೆ ನಾವು ಹೇಳತಕ್ಕ ಸಸ್ಯಜೀವನದ ಮಾದರಿಯೇ ಅಲ್ಲಿ ಕಾಣುತ್ತದೆ. ಕೆಳಗಿರುವುದು ಭೂವಿಜ್ಞಾನಿಗಳು ನೈಸ್ ಎಂದು ಕರೆಯುವ ಅತಿ ಪುರಾತನವಾದ ಶಿಲೆ. ಅದು ಸವೆದು ಉದುರಿದ ಕೆಂಪು ಮರಳುಮಣ್ಣು ಬಂಡೆಯ ಮೇಲೆ ಗೇಣುದ್ದ, ಎಷ್ಟೋ ಕಡೆ ನಾಲ್ಕು ಬೆರಳುದ್ದ ಮಾತ್ರ. ಪಶ್ಚಿಮಕ್ಕೆ ನಾಗರಹೊಳೆಯ ಕಾಡುಗಳ ಕಡೆಗೆ ಹೋದಂತೆ ಮಳೆ ಹೆಚ್ಚುತ್ತದೆ; ಬಿಳಿಕೆರೆಯ ಸುತ್ತ ಅದು ಸಾಧಾರಣ. ಬಿದ್ದ ಮಳೆಯನ್ನು ಬಂಡೆ ಹಿಡಿದಿಟ್ಟುಕೊಳ್ಳುವುದಿಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗೆ ಹುಲ್ಲು ಒಣಗಿ ನಿಲ್ಲುತ್ತದೆ, ಬೆಂಕಿ ಬೀಳುತ್ತದೆ, ಆಡು ಕುರಿಗಳು ಮೇಯುತ್ತವೆ. ಇಂಥಲ್ಲಿ ದೊಡ್ಡ ಮರಕ್ಕೆ ಬಾಳು ಕಷ್ಟ. ಎಲೆಯನ್ನು ಚಿಕ್ಕದಾಗಿಯೂ ದಪ್ಪವಾಗಿಯೂ ಮಾಡಿಕೊಂಡು, ಮುಳ್ಳನ್ನು ಹೊರಕ್ಕೆ ಚಾಚಿ, ಬುಡವನ್ನು ಬಂಡೆಯ ಬಿರುಕಿನಲ್ಲಿ ಆಳಕ್ಕೆ ಇಳಿಸಿ, ಸುಟ್ಟರೂ ಕಡಿದರೂ ಮತ್ತೆ ಚಿಗುರಬಲ್ಲ ಪೊದೆಗೆ ಇದು ತಕ್ಕ ನೆಲೆ.

ಹುಣಸೂರು ಸೀಮೆಗೆ ಈ ಹುಲ್ಲುಗಾವಲುಗಳು ಹೊಸವಲ್ಲ. ಮೈಸೂರು ಸಂಸ್ಥಾನದ ಪ್ರಸಿದ್ಧವಾದ ಅಮೃತಮಹಲ್ ದನಗಳ ಇಲಾಖೆಗೆ ೧೯ನೆಯ ಶತಮಾನದಲ್ಲಿ ಹುಣಸೂರು ಮುಖ್ಯಸ್ಥಳವಾಗಿದ್ದಿತು. ಆ ದನಗಳಿಗಾಗಿ ಕಾದಿರಿಸಿದ ಹುಲ್ಲುನೆಲಗಳಿಗೇ 'ಕಾವಲು' ಎಂಬ ಹೆಸರು. ಊರ ಹೆಸರುಗಳ ಕೊನೆಯಲ್ಲಿ ಈ ಮಾತು ಇಂದಿಗೂ ಅಂಟಿಕೊಂಡಿದೆ, ನೆಲ ಮಾತ್ರ ಬಹಳ ಕಡೆ ಬೇರೆಯಾಗಿದೆ.

ಮುಳ್ಳುಗಿಡವನ್ನು ಗುರುತಿಸಹೊರಟವರು ಮೊದಲು ಮುಳ್ಳನ್ನೇ ನೋಡುವುದು ಸಹಜ. ಆದರೆ ಮುಳ್ಳೆಂದರೆ ಎಲ್ಲವೂ ಒಂದೇ ವಸ್ತುವೆಂದು ತಿಳಿಯಬಾರದು. ಗುಲಾಬಿಯ ಮುಳ್ಳನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಚಟ್ಟನೆ ಕಳಚಿಕೊಳ್ಳುತ್ತದೆ, ಕೆಳಗೆ ಒಂದು ನುಣುಪಾದ ಗಾಯ ಉಳಿಯುತ್ತದೆ. ಅದು ಸಿಪ್ಪೆಯಿಂದ ಎದ್ದ ಮುಳ್ಳು. ಒಳಗಿನ ಕಟ್ಟಿಗೆಗೂ ಅದಕ್ಕೂ ಸಂಬಂಧವಿಲ್ಲ. ಎಲಚಿ ಮತ್ತು ಕರಿಜಾಲಿಯ ಮುಳ್ಳುಗಳು ಎಲೆಯ ತೊಟ್ಟಿನ ಬುಡದ ಎರಡು ಪಕ್ಕಗಳಲ್ಲಿ ಇರುತ್ತವೆ. ಸಾಮಾನ್ಯ ಗಿಡಗಳಲ್ಲಿ ಅದೇ ಸ್ಥಾನದಲ್ಲಿ ಎರಡು ಚಿಕ್ಕ ಎಲೆಯಂಥ ಅಂಗಗಳಿರುತ್ತವೆ. ಇಲ್ಲಿ ಅವೇ ಗಟ್ಟಿಯಾಗಿ ಮುಳ್ಳಾಗಿವೆ. ಮೂರನೆಯ ಬಗೆಯದು ಕೊಂಬೆಯೇ ಮುಳ್ಳಾದುದು. ಬೆಳೆಯಬೇಕಾಗಿದ್ದ ಒಂದು ಚಿಕ್ಕ ಕವಲು ತನ್ನ ಬೆಳವಣಿಗೆಯನ್ನು ನಿಲ್ಲಿಸಿ, ತುದಿಯನ್ನು ಮೊನೆಮಾಡಿಕೊಂಡು ಗಟ್ಟಿಯಾಗುತ್ತದೆ. ಇದರ ಒಳಗೆ ಕೊಂಬೆಯಲ್ಲಿರುವಂತೆಯೇ ಕಟ್ಟಿಗೆಯಿರುವುದರಿಂದ ಬೆರಳಿನಿಂದ ಒತ್ತಿದರೆ ಕಳಚುವುದಿಲ್ಲ. ಮುರಿಯಬೇಕು, ಮುರಿದಾಗ ಸಿಗುರು ಏಳುತ್ತದೆ. ಆದುದರಿಂದ ಗುಡ್ಡದ ಮೇಲೆ ಕೇಳಬೇಕಾದ ಮೊದಲನೆಯ ಪ್ರಶ್ನೆ ಮುಳ್ಳು ಎಷ್ಟು ಉದ್ದವೆಂಬುದಲ್ಲ, ಅದು ಎಲ್ಲಿಂದ ಹುಟ್ಟಿದೆ ಎಂಬುದು.

ಕವಳೆಯ ಮುಳ್ಳು ಈ ಮೂರನೆಯ ಬಗೆಯದು. ಎದುರುಬದುರಾಗಿ ನಿಂತ ಎಲೆಜೋಡಿಯ ಬಳಿ ಅವು ಜೋಡಿಜೋಡಿಯಾಗಿ ಎರಡು ಕಡೆಗೆ ಚಾಚಿಕೊಂಡಿರುತ್ತವೆ. ನೇರ, ಗಟ್ಟಿ, ಸುಮಾರು ಒಂದು ಅಂಗುಲದವರೆಗೆ ಉದ್ದ. ಕೆಲವು ಮುಳ್ಳುಗಳು ಒಂಟಿ ಮೊನೆಯವು, ಕೆಲವು ತುದಿಯಲ್ಲಿ ಕವಲೊಡೆದು ಎರಡು ಮೊನೆಯವಾಗಿರುತ್ತವೆ. ಈ ಕವಲುಮುಳ್ಳನ್ನು ಕಂಡಿರೋ, ಅರ್ಧ ಗುರುತಿಸಿದಂತೆ. ಏಕೆಂದರೆ ನಾವು ಮುಂದೆ ಹೇಳುವ ಕಾರೆಯಲ್ಲಾಗಲಿ ಮಂಗಾರೆಯಲ್ಲಾಗಲಿ ಎಲಚಿಯಲ್ಲಾಗಲಿ ಹೀಗೆ ಮುಳ್ಳು ಕವಲೊಡೆಯುವುದಿಲ್ಲ. ಆದರೆ ಒಂದೇ ಪೊದೆಯ ಎಲ್ಲ ಮುಳ್ಳೂ ಕವಲೊಡೆದಿರಬೇಕೆಂದು ಹಟ ಹಿಡಿಯಬಾರದು. ಹತ್ತು ಕೊಂಬೆಗಳನ್ನು ನೋಡಬೇಕು.

ಎಲೆ ಅಂಡಾಕಾರ, ಚರ್ಮದಂತೆ ದಪ್ಪ, ಮೇಲ್ಭಾಗ ಹೊಳೆಯುವ ಕಡುಹಸುರು. ಉದ್ದ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಅಂಗುಲ, ತೊಟ್ಟು ಬಹಳ ಗಿಡ್ಡ, ಅಂಚಿನಲ್ಲಿ ಹಲ್ಲುಗಳಿಲ್ಲ. ಸುತ್ತಲಿನ ಹುಲ್ಲು ಒಣಗಿ ಬೂದುಬಣ್ಣಕ್ಕೆ ತಿರುಗಿದಾಗಲೂ ಈ ಪೊದೆ ಹಸುರಾಗಿಯೇ ನಿಂತಿರುವುದರಿಂದ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಈಗ ಒಂದು ಎಳೆಯ ಎಲೆಯನ್ನು ತೊಟ್ಟಿನಿಂದ ಕಿತ್ತು ನೋಡಿ. ಗಾಯದಲ್ಲಿ ಬಿಳಿಯ ಹಾಲು ಮುತ್ತಿನಂತೆ ಕೂಡಿಕೊಳ್ಳುತ್ತದೆ. ಕಡುಬೇಸಗೆಯಲ್ಲಿ ಬಲಿತ ಕೊಂಬೆಯಿಂದ ಹಾಲು ಬಾರದೆ ಹೋಗಬಹುದು. ಚಿಗುರಿನ ತುದಿಯಲ್ಲಿ ಪರೀಕ್ಷಿಸಿದರೆ ಸಂದೇಹಕ್ಕೆ ಎಡೆಯಿರುವುದಿಲ್ಲ. ಮುಳ್ಳು, ಎದುರೆದುರಿನ ಎಲೆ, ಹಾಲು: ಈ ಮೂರೂ ಒಟ್ಟಿಗೆ ಸೇರಿದ ನಾಡಪೊದೆ ನಮ್ಮ ಬಂಡೆಗುಡ್ಡಗಳಲ್ಲಿ ಕವಳೆಯೇ.

ಹೂವಿನ ಕಾಲದಲ್ಲಿ ಹೋದವರಿಗೆ ಕೆಲಸ ಇನ್ನೂ ಸುಲಭ. ಬೇಸಗೆಯ ಮೊದಲ ಮಳೆಗಳು ಬಿದ್ದ ಹೊತ್ತಿನಲ್ಲಿ ಕೊಂಬೆಗಳ ತುದಿಯಲ್ಲಿ ಮಲ್ಲಿಗೆಯನ್ನು ಹೋಲುವ ಬಿಳಿಯ ಹೂಗಳು ಗೊಂಚಲಾಗಿ ಅರಳುತ್ತವೆ. ಸಣ್ಣ ಕೊಳವೆ, ಕೊಳವೆಯ ಬಾಯಲ್ಲಿ ನಕ್ಷತ್ರದಂತೆ ಹರಡಿದ ಐದು ಎಸಳು, ಹೊರಮೈಗೆ ಒಮ್ಮೊಮ್ಮೆ ನಸುಗೆಂಪಿನ ಛಾಯೆ, ಮಧುರವಾದ ಸುವಾಸನೆ. ಮೊಗ್ಗನ್ನು ನೋಡಿದರೆ ಎಸಳುಗಳು ಒಂದರ ಮೇಲೊಂದು ತಿರುಚಿಕೊಂಡಿರುವುದು ಕಾಣುತ್ತದೆ. ನಂದಿಬಟ್ಟಲಿನ ಮೊಗ್ಗನ್ನು ಮನೆಯ ಅಂಗಳದಲ್ಲಿ ನೋಡಿದವರಿಗೆ ಈ ತಿರುಚು ಪರಿಚಿತವೇ. ನಂದಿಬಟ್ಟಲು, ಕಣಗಿಲೆ, ದೇವಕಣಗಿಲೆ, ಕವಳೆ ಇವೆಲ್ಲ ಒಂದೇ ಕುಟುಂಬದವು.

ಮುಂಗಾರು ನೆಲೆಗೊಳ್ಳುವ ಹೊತ್ತಿಗೆ ಕಾಯಿ ಹಸುರಿನಿಂದ ಕೆಂಪಿಗೆ, ಕೆಂಪಿನಿಂದ ಕಪ್ಪಿಗೆ ತಿರುಗುತ್ತದೆ. ಹಣ್ಣು ಬಟಾಣಿಗಿಂತ ತುಸು ದೊಡ್ಡದು; ಒಳಗೆ ಚಪ್ಪಟೆಯಾದ ಬೀಜಗಳು, ಹೆಚ್ಚಾಗಿ ಎರಡು. ಕಾಯಿ ಹುಳಿ, ಉಪ್ಪಿನಕಾಯಿಗೆ ಆಗಿಬರುತ್ತದೆ. ಪೂರ್ತಿ ಕಪ್ಪಾದ ಹಣ್ಣು ಸಿಹಿಹುಳಿ. ತಿಂದಮೇಲೆ ತುಟಿಗೆ ಹಾಲಿನ ಅಂಟು ಹತ್ತುತ್ತದೆ. ಹಳ್ಳಿಯ ಹುಡುಗರ ಪಾಲಿಗೆ ಈ ಅಂಟು ಕವಳೆ ತಿಂದುದಕ್ಕೆ ತಪ್ಪದ ಸಾಕ್ಷಿ.

ಇಲ್ಲಿಯವರೆಗೆ ಹೇಳಿದುದು ಸುಲಭವಾಗಿಯೇ ತೋರಬಹುದು. ತೊಡಕೆಲ್ಲ ನೆರೆಯವರದು. ಬಂಡೆಗುಡ್ಡದ ಹುಲ್ಲಿನಲ್ಲಿ ಕವಳೆಯ ಪಕ್ಕದಲ್ಲಿಯೇ ಕಾರೆ ಬೆಳೆಯುತ್ತದೆ. ಅದೇ ಎತ್ತರ, ಅದೇ ರೀತಿ ಎದುರುಬದುರಾದ ಚಿಕ್ಕ ಎಲೆಗಳು, ಅದೇ ರೀತಿ ಜೋಡಿಯಾದ ನೇರ ಮುಳ್ಳು. ಹಣ್ಣಿಲ್ಲದ ಕಾಲದಲ್ಲಿ ನಗರದಿಂದ ಬಂದವರು ಎರಡನ್ನೂ ಒಂದೆಂದೇ ತಿಳಿಯುತ್ತಾರೆ. ವಿದ್ಯಾರ್ಥಿಗಳೊಡನೆ ಆ ಕಡೆ ಹೋಗಿದ್ದಾಗ ಆಡು ಕಾಯುತ್ತಿದ್ದ ವೃದ್ಧರೊಬ್ಬರನ್ನು ನಾವು, "ಯಜಮಾನರೇ, ಈ ಎರಡಕ್ಕೂ ಏನು ಭೇದ?" ಎಂದು ಕೇಳಿದೆವು. "ಇದು ಹಾಲು ಬುಡ್ತದೆ ಸ್ವಾಮಿ, ಅದು ಬುಡಕಿಲ್ಲ. ಅದು ಕಾರೆ, ಇದು ಕವಳೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಸಸ್ಯಶಾಸ್ತ್ರದ ಗ್ರಂಥಗಳೂ ಕೊನೆಗೆ ಇದನ್ನೇ ಹೇಳುತ್ತವೆ, ಸ್ವಲ್ಪ ಹೆಚ್ಚು ಮಾತುಗಳಲ್ಲಿ.

ಆ ಹೆಚ್ಚಿನ ಮಾತಿಗೂ ಪ್ರಯೋಜನವಿಲ್ಲದಿಲ್ಲ. ಕಾರೆಯೂ ಮಂಗಾರೆಯೂ ಕಾಫಿಯ ಕುಟುಂಬಕ್ಕೆ ಸೇರಿದವು. ಈ ಕುಟುಂಬಕ್ಕೆ ಒಂದು ಮುದ್ರೆಯುಂಟು: ಎದುರೆದುರು ನಿಂತ ಎರಡು ಎಲೆಗಳ ತೊಟ್ಟುಗಳ ನಡುವೆ, ಕೊಂಬೆಯ ಮೈಮೇಲೆ, ಮೊನಚಾದ ಒಂದು ಚಿಕ್ಕ ಪೊರೆ ಇರುತ್ತದೆ. ಕೈಗನ್ನಡಿ ಇದ್ದರೆ ಒಳ್ಳೆಯದು. ಕಣ್ಣು ಚುರುಕಾಗಿದ್ದರೆ ಅದಿಲ್ಲದೆಯೂ ಎಳೆಯ ಕೊಂಬೆಯಲ್ಲಿ ಕಾಣಬಹುದು. ಕಾಫಿಯಲ್ಲಿ ಇದನ್ನು ಒಮ್ಮೆ ಕಂಡವರಿಗೆ ಕಾರೆಯಲ್ಲಿ ಹುಡುಕುವುದು ಕಷ್ಟವಾಗದು. ಕವಳೆಯ ತೊಟ್ಟುಗಳ ನಡುವೆ ಇಂಥ ಪೊರೆಯಿಲ್ಲ.

ಕಾಯಿ ಬಿಟ್ಟ ಕಾಲದಲ್ಲಿ ಇನ್ನೊಂದು ಗುರುತು ನಮಗೆ ಅತ್ಯಂತ ಮೆಚ್ಚಿಗೆಯಾದುದು. ಬದನೆಕಾಯಿಯನ್ನು ನೆನೆದುಕೊಳ್ಳಿ: ಹೂವಿನ ಹಸುರು ಬಟ್ಟಲು ತೊಟ್ಟಿನ ಕಡೆಗೆ ಟೋಪಿಯಂತೆ ಅಂಟಿಕೊಂಡಿರುತ್ತದೆ. ಸೀಬೆ ಅಥವಾ ದಾಳಿಂಬೆಯನ್ನು ನೆನೆದುಕೊಳ್ಳಿ: ಅದೇ ಬಟ್ಟಲು ಹಣ್ಣಿನ ಇನ್ನೊಂದು ತುದಿಯಲ್ಲಿ ಕಿರೀಟದಂತೆ ನಿಂತಿರುತ್ತದೆ. ಅಂಡಾಶಯವು ಹೂವಿನ ಇತರ ಅಂಗಗಳಿಗಿಂತ ಮೇಲಿತ್ತೋ ಕೆಳಗಿತ್ತೋ ಎಂಬುದರ ಕುರುಹು ಇದು. ಕವಳೆ ಬದನೆಯ ಬಗೆಯದು. ಬಟ್ಟಲಿನ ಶೇಷ ತೊಟ್ಟಿನಲ್ಲಿ. ಕಾರೆಯೂ ಮಂಗಾರೆಯೂ ಸೀಬೆಯ ಬಗೆಯವು, ಕಿರೀಟ ತುದಿಯಲ್ಲಿ. ಒಣಗಿ ಉದುರಿದ ಒಂದು ಕಾಯಿ ನೆಲದಲ್ಲಿ ಸಿಕ್ಕಿದರೂ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಕಾರೆಯ ಹಣ್ಣು ಹಳದಿ, ನಡುವೆ ಸ್ವಲ್ಪ ಅದುಮಿದಂತೆ ಜೋಡಿಗುಂಡಾಗಿದ್ದು ಒಳಗೆ ಎರಡು ಗೊರಟೆಗಳಿರುತ್ತವೆ. ತಿನ್ನಲು ಯೋಗ್ಯ, ಎಲೆಯನ್ನು ಸೊಪ್ಪಾಗಿ ಬೇಯಿಸುವುದೂ ಉಂಟು. ಮಂಗಾರೆಯ ಸಂಗತಿ ಬೇರೆ. ಇದು ಕೊಂಚ ದೊಡ್ಡದಾಗಿ ಬೆಳೆಯುತ್ತದೆ, ಕೆಲವು ಕಡೆ ಚಿಕ್ಕ ಮರವೇ ಆಗುತ್ತದೆ. ಎಲೆಗಳು ಗಿಡ್ಡ ಕವಲುಗಳ ಮೇಲೆ ಗೊಂಚಲಾಗಿ ಕೂಡಿರುತ್ತವೆ. ಹೂ ಅರಳಿದಾಗ ಬಿಳಿ, ಬಾಡುವಾಗ ಹಳದಿ. ಕಾಯಿ ನಿಂಬೆಯಂತೆ ಗುಂಡಗೆ, ಹಣ್ಣಾದಾಗ ಹಳದಿ, ತುದಿಯಲ್ಲಿ ಸ್ಪಷ್ಟವಾದ ಕಿರೀಟ. ನಿಂಬೆಯ ಹೋಲಿಕೆ ನಮ್ಮದೇ ಅಲ್ಲ. ಇದರ ಕುಲಕ್ಕೆ ಇಂದು ಸಸ್ಯಶಾಸ್ತ್ರದಲ್ಲಿರುವ ಕ್ಯಾಟುನರೇಗಮ್ ಎಂಬ ಹೆಸರು ಮಲೆಯಾಳದ ಕಾಟ್ಟುನಾರಗ, ಎಂದರೆ ಕಾಡುನಿಂಬೆ, ಎಂಬ ಮಾತೇ. ೧೬೭೮ರಿಂದ ೧೬೯೩ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 'ಹೊರ್ಟಸ್ ಮಲಬಾರಿಕಸ್' ಎಂಬ ಮಹಾಗ್ರಂಥದ ದಾರಿಯಿಂದ ಅದು ಲ್ಯಾಟಿನ್ ವೇಷ ತೊಟ್ಟಿತು. ಸಂಸ್ಕೃತದಲ್ಲಿ ಇದರ ಹಣ್ಣು ಮದನಫಲ. ವಾಂತಿ ಮಾಡಿಸುವ ದ್ರವ್ಯಗಳಲ್ಲಿ ಇದಕ್ಕೆ ಆಯುರ್ವೇದದಲ್ಲಿ ಅಗ್ರಸ್ಥಾನ. ಚರಕಸಂಹಿತೆಯ ಕಲ್ಪಸ್ಥಾನ ಆರಂಭವಾಗುವುದೇ ಮದನಕಲ್ಪದಿಂದ. ಹಳ್ಳಗಳಲ್ಲಿ ಮೀನಿಗೆ ಮತ್ತು ಬರಿಸಲು ಇದನ್ನು ಅರೆದು ಕದಡುವ ಪದ್ಧತಿಯೂ ಇದ್ದಿತು. 'ಯಾವುದೋ ಮುಳ್ಳುಗಿಡದ ಹಣ್ಣು' ಎಂದು ಇದನ್ನು ಬಾಯಿಗಿಟ್ಟವರಿಗೆ ಚರಕರ ಮಾತಿನ ಪ್ರಾಮಾಣ್ಯ ಕೂಡಲೇ ತಿಳಿದುಬರುತ್ತದೆ.

ಎಲಚಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅದರ ಎಲೆಗಳು ಒಂದಾದ ಮೇಲೊಂದರಂತೆ ಪರ್ಯಾಯವಾಗಿರುತ್ತವೆ, ಬುಡದಿಂದಲೇ ಮೂರು ನರಗಳು ಹೊರಡುತ್ತವೆ, ಕೆಳಮೈ ಬೆಳ್ಳಗೆ ಮೃದುವಾಗಿರುತ್ತದೆ. ಮುಳ್ಳುಗಳಲ್ಲಿ ಸಾಮಾನ್ಯವಾಗಿ ಒಂದು ನೇರ, ಇನ್ನೊಂದು ಕೊಕ್ಕೆ. ಲಂಟಾನವಂತೂ ಈ ನಾಡಿನದೇ ಅಲ್ಲ. ಅಮೆರಿಕ ಖಂಡದ ಉಷ್ಣಪ್ರದೇಶದಿಂದ ೧೯ನೆಯ ಶತಮಾನದ ಆದಿಯಲ್ಲಿ ತೋಟದ ಅಲಂಕಾರಕ್ಕೆಂದು ಭಾರತಕ್ಕೆ ಬಂದ ಈ ಗಿಡ ಇಂದು ಮೈಸೂರು ಜಿಲ್ಲೆಯ ಕಾಡಂಚುಗಳನ್ನೂ ಗುಡ್ಡಗಳನ್ನೂ ಹೊದೆದುಕೊಂಡಿದೆ. ಚೌಕಾಕಾರದ ಕಾಂಡ, ಅದರ ಮೇಲೆ ಗುಲಾಬಿಯ ಬಗೆಯ ಚಿಕ್ಕ ಕೊಕ್ಕೆಮುಳ್ಳುಗಳು, ಒರಟಾದ ಹಲ್ಲಂಚಿನ ಎಲೆ, ಉಜ್ಜಿದರೆ ಮೂಗಿಗೆ ಹೊಡೆಯುವ ವಾಸನೆ: ಕತ್ತಲಲ್ಲಿಯೂ ಇದನ್ನು ಗುರುತಿಸಬಹುದು.

ಕವಳೆಗೆ ಶಾಸ್ತ್ರದಲ್ಲಿ ಕ್ಯಾರಿಸ್ಸಾ ಸ್ಪೈನೇರಮ್ ಎಂದು ಹೆಸರು. ಇದನ್ನೂ ಇದರ ಅಕ್ಕನೆನ್ನಬಹುದಾದ ಕ್ಯಾರಿಸ್ಸಾ ಕರಂಡಾಸ್ ಎಂಬುದನ್ನೂ ಹೆಸರಿಸಿದವನು ಲಿನ್ನೇಯಸನೇ. ಎರಡನೆಯದು ಕರಾವಳಿಯವರ ಕರಂಡೆ, ಹಿಂದಿಯವರ ಕರೌಂದಾ, ಸಂಸ್ಕೃತದ ಕರಮರ್ದ. ಅದರ ಎಲೆ ದೊಡ್ಡದು, ಹಣ್ಣು ಇದರ ಎರಡರಷ್ಟು ಅಥವಾ ಹೆಚ್ಚು, ಬೀಜಗಳೂ ಹೆಚ್ಚು. ತೋಟಗಳ ಬೇಲಿಗೆ ನೆಡುವುದು ಅದನ್ನೇ. ಬೇಕರಿಗಳಲ್ಲಿ ಕೇಕಿನ ಮೇಲೆ ಚೆರ್ರಿಯೆಂದು ಕೂಡಿಸುವ ಕೆಂಪು ಹಣ್ಣು ಅನೇಕ ವೇಳೆ ಸಕ್ಕರೆಪಾಕದಲ್ಲಿ ಮುಳುಗಿಸಿ ಬಣ್ಣ ಕಟ್ಟಿದ ಈ ಕರಂಡೆಯೇ. ನಮ್ಮ ನಗರದ ಶ್ರೋತೃಗಳಲ್ಲಿ ಬಹುಮಂದಿ ಅದನ್ನು ಹೆಸರು ತಿಳಿಯದೆ ತಿಂದಿರುವುದು ಖಂಡಿತ. ೨೦೦೧ರಲ್ಲಿ ಹಾಲೆಂಡಿನ ಇಬ್ಬರು ವಿದ್ವಾಂಸರು ಈ ಕುಲವನ್ನು ಪರಿಶೋಧಿಸಿ, ಆಫ್ರಿಕದಲ್ಲಿ ಬೇರೆ ಹೆಸರಿನಿಂದ ಕರೆಯುತ್ತಿದ್ದ ಗಿಡವನ್ನೂ ಸ್ಪೈನೇರಮ್ಮಿನೊಳಗೇ ಸೇರಿಸಿದರು. ಆ ಎಣಿಕೆಯಂತೆ ಬಿಳಿಕೆರೆಯ ಬಂಡೆಯ ಪಕ್ಕದ ಪೊದೆಗೂ ಆಫ್ರಿಕದ ಹುಲ್ಲುಗಾಡಿನ ಪೊದೆಗೂ ಆಸ್ಟ್ರೇಲಿಯದ ಪೊದೆಗೂ ಒಂದೇ ಹೆಸರು. ನಮ್ಮ ಜಿಲ್ಲೆಯ ಸಸ್ಯಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೋಗಬಯಸುವವರಿಗೆ ಆರ್. ರಾಘವೇಂದ್ರರಾವ್ ಮತ್ತು ಬಿ. ಎ. ರಜಿ ಅವರ ೧೯೮೧ರ ಮೈಸೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಇದೆ.

ಹಾಲಿನ ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಹಾಲು ಇದೆಯೆಂದರೆ ಹಣ್ಣು ತಿನ್ನಬಹುದು ಎಂದು ಅರ್ಥವಲ್ಲ. ಕವಳೆಯ ಕುಟುಂಬ ಉಪಕಾರಿಗಳದೂ ಹೌದು, ಘಾತಕರದೂ ಹೌದು. ಬೇಲಿಗಳಲ್ಲಿಯೂ ಉದ್ಯಾನಗಳಲ್ಲಿಯೂ ಬೆಳೆಸುವ ಹಳದಿ ಕಣಗಿಲೆ ಇದರ ದಾಯಾದಿ. ಅದರಲ್ಲಿಯೂ ಹಾಲುಂಟು, ಅದರ ಬೀಜ ಹೃದಯವನ್ನು ನಿಲ್ಲಿಸಬಲ್ಲ ವಿಷ. ಕವಳೆಗೆ ಮುಳ್ಳುಂಟು, ಹಳದಿ ಕಣಗಿಲೆಗೆ ಇಲ್ಲ. ಕವಳೆಯ ಎಲೆ ಗುಂಡು ಮತ್ತು ಎದುರೆದುರು, ಅದರ ಎಲೆ ಕತ್ತಿಯಂತೆ ನೀಳ ಮತ್ತು ಪರ್ಯಾಯ. ಮಕ್ಕಳಿಗೆ ಕಲಿಸುವಾಗ ಒಂದು ಗುರುತನ್ನು ಮಾತ್ರ ಹೇಳಿ ಕಳುಹಿಸುವುದು ಅಪಾಯ.

ಇದಿಷ್ಟು ಹಣ್ಣಿನ ಮಾತಾಯಿತು. ಗುರುತಿನ ಮೇಲೆ ನಿಂತಿರುವ ಇನ್ನೊಂದು ಹೆಚ್ಚಿನ ಸಂಗತಿಯೂ ಇದೆ. ೨೦೦೦ದಲ್ಲಿ ಪ್ರಕಟವಾದ ಭಾರತದ ಬಂಜರುಭೂಮಿಗಳ ನಕ್ಷಾಸಂಪುಟದಲ್ಲಿ ಕುರುಚಲು ಬೆಳೆದ ನೆಲವೂ ಬಂಜರಿನ ಒಂದು ವರ್ಗ. ಆಕಾಶದಿಂದ ನೋಡಿದ ಕಣ್ಣಿಗೆ ಕವಳೆಯೂ ಲಂಟಾನವೂ ಒಂದೇ ಕುರುಚಲು. ಬಂಜರೆಂದಮೇಲೆ ಅದನ್ನು ಉದ್ಧರಿಸಬೇಕಷ್ಟೆ. ಉದ್ಧಾರವೆಂದರೆ ಬಹುಕಾಲ ನೀಲಗಿರಿ ನೆಡುವುದೇ ಆಗಿದ್ದಿತು. ಹುಣಸೂರು ತಾಲ್ಲೂಕಿನ ಅರಬಿತಿಟ್ಟು ೧೯೮೫ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು, ಸುಮಾರು ೧೩.೫ ಚದರ ಕಿಲೋಮೀಟರಿನ ಆ ಚಿಕ್ಕ ಧಾಮದಲ್ಲಿಯೂ ಕುರುಚಲಿನೊಡನೆ ನೀಲಗಿರಿಯ ತೋಪು ಹಂಚಿಕೊಂಡು ನಿಂತಿದೆ. ಲಂಟಾನವನ್ನು ಕೀಳಬೇಕೆಂಬುದನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಆದರೆ ಕೀಳುವ ಕೈಗೆ ಗುರುತು ತಿಳಿಯದಿದ್ದರೆ, ಅದರ ಮಧ್ಯದಲ್ಲಿ ಸಿಕ್ಕಿಕೊಂಡು ಹೇಗೋ ಬದುಕಿದ್ದ ಕವಳೆ, ಕಾರೆಗಳೂ ಅದೇ ಗುಡ್ಡೆಗೆ ಬೀಳುತ್ತವೆ. ಲಂಟಾನ ಮರುವರ್ಷವೇ ಬೀಜದಿಂದ ಎದ್ದು ಬರುತ್ತದೆ. ಬೇರುಸಹಿತ ಕಿತ್ತ ಕವಳೆ ಅಷ್ಟು ಬೇಗ ಹಿಂದಿರುಗುವುದಿಲ್ಲ.

ಹೋದರೆ ಹೋಯಿತು ಎನ್ನುವವರು ಆ ಪೊದೆಯ ಒಳಗೆ ಒಮ್ಮೆ ಬಗ್ಗಿ ನೋಡಬೇಕು. ಹಣ್ಣನ್ನು ತಿಂದ ಪಿಕಳಾರಗಳು ಬೇರೆ ಮರಗಳ ಬೀಜಗಳನ್ನೂ ತಂದು ಅಲ್ಲಿ ಉದುರಿಸುತ್ತವೆ. ಬಯಲಿನಲ್ಲಿ ಮೊಳೆತ ಸಸಿಯನ್ನು ಆಡು ಒಂದೇ ಬಾಯಿಗೆ ಮುಗಿಸುತ್ತದೆ. ಮುಳ್ಳಿನೊಳಗೆ ಮೊಳೆತುದನ್ನು ಮುಟ್ಟಲಾರದು. ನೆರಳಿನಲ್ಲಿ ತೇವ ನಾಲ್ಕು ದಿನ ಹೆಚ್ಚು ನಿಲ್ಲುತ್ತದೆ, ಉದುರಿದ ಎಲೆ ಗೊಬ್ಬರವಾಗುತ್ತದೆ. ಹೀಗೆ ಎಷ್ಟೋ ಬೇವು, ಎಷ್ಟೋ ಶ್ರೀಗಂಧ ಇಂಥ ಪೊದೆಯ ಮಡಿಲಿನಲ್ಲಿ ಬೆಳೆದು ತಲೆ ಹೊರಹಾಕುತ್ತವೆ. ಶ್ರೀಗಂಧಕ್ಕಂತೂ ಬೇರಿನಿಂದ ಆಹಾರ ಹೀರಲು ಪಕ್ಕದಲ್ಲಿ ಇನ್ನೊಂದು ಗಿಡ ಬೇಕೇ ಬೇಕು. ಗೌಜಲುಗಳು ಅಡಗುವುದೂ ಮೊಲ ಮಲಗುವುದೂ ಅಲ್ಲಿಯೇ.

ಆಸಕ್ತರಾದವರು ಮೇ ತಿಂಗಳ ಕೊನೆಯಲ್ಲಿ ಅಥವಾ ಜೂನಿನಲ್ಲಿ ಒಂದು ಬೆಳಗ್ಗೆ ಹೋಗುವುದು ಉತ್ತಮ. ಕಾಯಿ, ಹಣ್ಣು, ತಡವಾಗಿ ಅರಳಿದ ಒಂದೆರಡು ಹೂಗಳು ಒಟ್ಟಿಗೆ ಸಿಗುವ ಸಂಭವವುಂಟು. ಒಂದು ಹಳೆಯ ವೃತ್ತಪತ್ರಿಕೆ, ಒಂದು ಚೂರಿ, ಸಾಧ್ಯವಾದರೆ ಕೈಗನ್ನಡಿ, ಇಷ್ಟು ಸಾಕು. ಗೇಣುದ್ದದ ಒಂದು ಕೊಂಬೆಯನ್ನು ಮಾತ್ರ ಕತ್ತರಿಸಿ, ಎಲೆ ಮುಳ್ಳು ಕಾಯಿಗಳು ಕಾಣುವಂತೆ ಕಾಗದದ ನಡುವೆ ಹರಡಿ, ಮೇಲೆ ಭಾರವಿಟ್ಟು ವಾರದವರೆಗೆ ದಿನವೂ ಕಾಗದ ಬದಲಾಯಿಸಬೇಕು. ಸ್ಥಳ, ತಾರೀಖು, ಹೂವಿನ ಬಣ್ಣ, ಹಾಲು ಬಂದಿತೋ ಇಲ್ಲವೋ ಎಂಬುದನ್ನು ಅಲ್ಲಿಯೇ ಬರೆದುಕೊಳ್ಳಬೇಕು; ಒಣಗಿದ ಮಾದರಿಯಲ್ಲಿ ಹಾಲನ್ನು ಯಾರೂ ಕಾಣಲಾರರು. ಊರವರು ಅದಕ್ಕೆ ಹೇಳುವ ಹೆಸರನ್ನೂ ಅವರ ಬಾಯಲ್ಲಿ ಬಂದಂತೆಯೇ ಬರೆದುಕೊಳ್ಳಿ. ಕವಳೆ, ಕವಳಿ, ಕೌಳಿ ಎಂದು ಅದು ಊರಿಂದೂರಿಗೆ ಸ್ವಲ್ಪ ಸ್ವಲ್ಪ ಬದಲಾಗುತ್ತದೆ.